ಒಂದು ಕೀಲಿಮಣೆ, ಒಂದು ಮೌಸ್, ಎರಡು ಗಣಕ: ಜೋಡಿ ಪೀಕೋ ಪೆಟ್ಟಿಗೆಯ ನಿರ್ಮಾಣ ದಾಖಲೆ

ಒಂದೇ ಮೇಜಿನ ಮೇಲೆ ಕಚೇರಿಯ ಲ್ಯಾಪ್‌ಟಾಪೂ ಮನೆಯ ಡೆಸ್ಕ್‌ಟಾಪೂ ಇದ್ದರೆ ಕೀಲಿಮಣೆ ಮತ್ತು ಮೌಸುಗಳೂ ಎರಡೆರಡಾಗಿ ಜಾಗ ತುಂಬಿಕೊಳ್ಳುತ್ತವೆ. ಇದಕ್ಕೆ ಪರಿಹಾರಗಳು ಮೊದಲೇ ಇವೆ. ಅಂಗಡಿಯಲ್ಲಿ ಕೆವಿಎಂ ಸ್ವಿಚ್ (ಒಂದೇ ಕೀಲಿಮಣೆ, ಪರದೆ, ಮೌಸುಗಳನ್ನು ಹಲವು ಗಣಕಗಳಿಗೆ ತಿರುಗಿಸುವ ಸಾಧನ) ಸಿಗುತ್ತದೆ, ಅಂತರಜಾಲದಲ್ಲಿ ಉಚಿತ ತಂತ್ರಾಂಶ ಸಿಗುತ್ತದೆ. ಇವೆರಡನ್ನೂ ಬಿಟ್ಟು ರಾಸ್ಪ್‌ಬೆರಿ ಪೈ ಪೀಕೋ ಎಂಬ ಎರಡು ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡುಗಳಿಂದ ಒಂದು ಸಣ್ಣ ಪೆಟ್ಟಿಗೆಯನ್ನು ಕೈಯಾರೆ ಕಟ್ಟಿದ ಕ್ರಮವನ್ನು, ಅದರ ಕಾರಣಗಳ ಸಮೇತ ಇಲ್ಲಿ ದಾಖಲಿಸುತ್ತಿದ್ದೇನೆ.

ತಂತ್ರಾಂಶದ ದಾರಿ ಹಳೆಯದು. 2001ರಲ್ಲಿ ಆರಂಭವಾದ ಸಿನರ್ಜಿ, ಅದರಿಂದ ಕವಲೊಡೆದ ಬ್ಯಾರಿಯರ್, ಬ್ಯಾರಿಯರ್‌ನಿಂದ ಕವಲೊಡೆದ ಇನ್‌ಪುಟ್ ಲೀಪ್ ಇವೆಲ್ಲವೂ ಕೀಲಿಮಣೆ ಇರುವ ಗಣಕವನ್ನು ಸರ್ವರ್ ಆಗಿಸಿ, ಒತ್ತಿದ ಕೀಲಿಗಳನ್ನು ಮನೆಯ ಜಾಲದ ಮೇಲೆ, ಸಾಮಾನ್ಯವಾಗಿ 24800ನೇ ಟಿಸಿಪಿ ಪೋರ್ಟಿನ ಮೂಲಕ, ಇನ್ನೊಂದು ಗಣಕಕ್ಕೆ ಕಳಿಸುತ್ತವೆ. ವಿಂಡೋಸ್‌ನಲ್ಲಿ ಮೌಸ್ ವಿದೌಟ್ ಬಾರ್ಡರ್ಸ್ 2023ರಿಂದ ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಎಂಬ ಉಪಕರಣಗಳ ಕಂತೆಯ ಜೊತೆಗೇ ಬರುತ್ತದೆ. ಆಪಲ್ ಗಣಕಗಳಲ್ಲಿ 2022ರ ಮಾರ್ಚ್‌ನಲ್ಲಿ ಬಂದ ಮ್ಯಾಕ್‌ಓಎಸ್ 12.3ರಿಂದ ಯೂನಿವರ್ಸಲ್ ಕಂಟ್ರೋಲ್ ಇದೆ. ಎರಡೂ ಗಣಕಗಳು ನಿಮ್ಮ ಸ್ವಂತದ್ದಾಗಿದ್ದರೆ ಇವುಗಳಲ್ಲೊಂದನ್ನು ಹಾಕಿಕೊಂಡು ಸುಮ್ಮನಿರುವುದೇ ಲೇಸು. ನನ್ನ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಹೊರಗಿನ ತಂತ್ರಾಂಶ ಹಾಕಲು ಅನುಮತಿಯಿಲ್ಲ. ವಿಪಿಎನ್ (ಕಚೇರಿಯ ಜಾಲಕ್ಕೆ ಹೋಗುವ ಸುರಕ್ಷಿತ ದಾರಿ) ಜೋಡಣೆಯಾದೊಡನೆ ಅದು ಮನೆಯ ಜಾಲದ ಉಳಿದ ಯಂತ್ರಗಳನ್ನು ಕಾಣುವುದನ್ನೇ ನಿಲ್ಲಿಸುತ್ತದೆ. ಹೀಗಾಗಿ ಈ ದಾರಿ ಮುಚ್ಚಿತ್ತು.

ಅಗ್ಗದ ಯುಎಸ್‌ಬಿ ಸ್ವಿಚ್‌ಗಳದ್ದು ಬೇರೆ ತೊಂದರೆ. ಅವು ತಂತಿಯನ್ನೇ ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆಗೆ ಜೋಡಿಸಿದಂತೆ ಕೆಲಸ ಮಾಡುವುದರಿಂದ, ಪ್ರತಿ ಬದಲಾವಣೆಯಲ್ಲೂ ಗಣಕವು ಕೀಲಿಮಣೆಯನ್ನು ಹೊಸದಾಗಿ ಗುರುತಿಸಬೇಕಾಗುತ್ತದೆ. ಆ ಒಂದೆರಡು ಸೆಕೆಂಡುಗಳಲ್ಲಿ ಒತ್ತಿದ ಕೀಲಿಗಳು ಯಾರಿಗೂ ತಲುಪುವುದಿಲ್ಲ. ಕರ್ಸರ್ ಒಂದು ಪರದೆಯ ಅಂಚನ್ನು ದಾಟಿ ಮತ್ತೊಂದು ಪರದೆಗೆ ಜಾರುವ ಅನುಕೂಲ ಅಲ್ಲಿ ಸಾಧ್ಯವೇ ಇಲ್ಲ, ಏಕೆಂದರೆ ಆ ಸ್ವಿಚ್‌ಗೆ ಕರ್ಸರ್ ಎಂದರೇನು ಎಂಬುದೇ ಗೊತ್ತಿಲ್ಲ.

ಮೂರನೆಯ ದಾರಿಯನ್ನು ತೋರಿಸಿದ್ದು ಹ್ರ್ವೊಯೆ ಚಾವ್ರಾಕ್ ಅವರ ಡೆಸ್ಕ್‌ಹಾಪ್ ಎಂಬ ಮುಕ್ತ ಯೋಜನೆ. ಪ್ರತಿ ಗಣಕಕ್ಕೂ ಒಂದೊಂದು ಪೀಕೋ ಬೋರ್ಡನ್ನು ಕಾಯಂ ಆಗಿ ಜೋಡಿಸಬೇಕು; ಎರಡೂ ಗಣಕಗಳಿಗೆ ತಮ್ಮಲ್ಲಿ ಸದಾ ಒಂದು ಕೀಲಿಮಣೆಯೂ ಒಂದು ಮೌಸೂ ಇದ್ದಂತೆಯೇ ಕಾಣುತ್ತದೆ. ನಿಜವಾದ ಕೀಲಿಮಣೆ ಒಂದು ಪೀಕೋಗೆ, ನಿಜವಾದ ಮೌಸ್ ಇನ್ನೊಂದಕ್ಕೆ. ಎರಡು ಪೀಕೋಗಳು ಒಂದು ಸೀರಿಯಲ್ ತಂತಿಯ ಮೂಲಕ ಪರಸ್ಪರ ಮಾತಾಡಿಕೊಂಡು, ಬಂದ ಕೀಲಿಯನ್ನು ಯಾವ ಗಣಕಕ್ಕೆ ಹೇಳಬೇಕೆಂದು ತೀರ್ಮಾನಿಸುತ್ತವೆ. ಈ ರಚನೆಯನ್ನು ಇಟ್ಟುಕೊಂಡು, ಎರಡೂ ಗಣಕಗಳಿಗೆ ಏಕಕಾಲದಲ್ಲಿ ಟೈಪಿಸುವ ವ್ಯವಸ್ಥೆಯೂ ನನಗೆ ಬೇಕಿದ್ದರಿಂದ, ಫರ್ಮ್‌ವೇರನ್ನು, ಅಂದರೆ ಬೋರ್ಡಿನೊಳಗೆ ಓಡುವ ಪ್ರೋಗ್ರಾಮನ್ನು, ನನ್ನ ಅಗತ್ಯಕ್ಕೆ ತಕ್ಕಂತೆ ಚಿಕ್ಕದಾಗಿ ಬೇರೆಯೇ ಬರೆದೆ. ಕಟ್ಟುತ್ತಾ ಹೋದಂತೆ ಸ್ಪಷ್ಟವಾದ ಸಂಗತಿಯೆಂದರೆ, ಕೀಲಿಗಳನ್ನು ಒಂದು ಗಣಕದಿಂದ ಇನ್ನೊಂದಕ್ಕೆ ತಿರುಗಿಸುವುದು ಈ ಕೆಲಸದ ಅತಿ ಸುಲಭ ಭಾಗ. ಯಾವ ಗಣಕಕ್ಕೆ ಈವರೆಗೆ ಏನು ಹೇಳಿದ್ದೇವೆ, ಅದು ನಮ್ಮ ಬಗ್ಗೆ ಏನೆಂದು ನಂಬಿಕೊಂಡಿದೆ ಎಂಬ ಲೆಕ್ಕವನ್ನು ತಪ್ಪದೆ ಇಡುವುದೇ ನಿಜವಾದ ಕೆಲಸ.

ಬೋರ್ಡಿನ ಜೋಡಣೆ

ಪೀಕೋದಲ್ಲಿರುವ ಆರ್‌ಪಿ2040 ಚಿಪ್‌ಗೆ ಒಂದೇ ಯುಎಸ್‌ಬಿ ನಿಯಂತ್ರಕವಿದೆ. ಅದು ಗಣಕದ ಕಡೆಗೆ ಬೇಕು. ಕೀಲಿಮಣೆಯ ಕಡೆಯ ಹೋಸ್ಟ್ ಪೋರ್ಟನ್ನು, ಅಂದರೆ ಸಾಧನವನ್ನು ಚುಚ್ಚಿಸಿಕೊಂಡು ನಡೆಸುವ ಪೋರ್ಟನ್ನು, ಚಿಪ್‌ನೊಳಗಿನ ಪಿಐಒ ಎಂಬ ಪುಟ್ಟ ಯಂತ್ರಗಳಿಂದ ನಿರ್ಮಿಸಿಕೊಳ್ಳಬೇಕು. ಪೀಕೋ-ಪಿಐಒ-ಯುಎಸ್‌ಬಿ ಎಂಬ ಲೈಬ್ರರಿ ಇದನ್ನು ಸೊಗಸಾಗಿ ಮಾಡುತ್ತದೆ. ಅದು ಕೇಳುವುದು ಎರಡು: ಚಿಪ್‌ನ ಗಡಿಯಾರ 12 ಮೆಗಾಹರ್ಟ್ಸ್‌ನ ಪೂರ್ಣ ಗುಣಕವಾಗಿರಬೇಕು, ಆದ್ದರಿಂದ 120 ಮೆಗಾಹರ್ಟ್ಸ್ ಇಟ್ಟಿದ್ದೇನೆ, ಯುಎಸ್‌ಬಿಯ ಮಾಹಿತಿ ಸಾಗಿಸುವ ಡಿ ಪ್ಲಸ್ ಮತ್ತು ಡಿ ಮೈನಸ್ ತಂತಿಗಳು ಅಕ್ಕಪಕ್ಕದ ಪಿನ್ನುಗಳಲ್ಲಿರಬೇಕು, ಆದ್ದರಿಂದ ಅವು ಪೀಕೋದ ಜಿಪಿ14 ಮತ್ತು ಜಿಪಿ15 ಎಂಬ ಪಿನ್ನುಗಳಲ್ಲಿವೆ. ಎರಡೂ ತಂತಿಗಳಿಗೆ ಸರಣಿಯಲ್ಲಿ 27 ಓಮ್‌ನ ರೆಸಿಸ್ಟರ್, ಮತ್ತು ಯುಎಸ್‌ಬಿ ನಿಯಮ ಹೋಸ್ಟ್‌ನಿಂದ ಬಯಸುವಂತೆ ಪ್ರತಿಯೊಂದರಿಂದ ಗ್ರೌಂಡಿಗೆ 15 ಕಿಲೋ ಓಮ್. ಸಾಕೆಟ್‌ಗೆ ಬೇಕಾದ 5 ವೋಲ್ಟ್ ಪೀಕೋದ 40ನೇ ಪಿನ್ನಿನಿಂದ, ಅಂದರೆ ಗಣಕದಿಂದಲೇ, ನೇರವಾಗಿ ಬರುತ್ತದೆ. ಬಣ್ಣಬಣ್ಣದ ದೀಪಗಳಿರುವ ಕೀಲಿಮಣೆಯಾದರೆ ಪೀಕೋ ತನ್ನ ಪರಿಚಯ ಮಾಡಿಕೊಳ್ಳುವಾಗಲೇ ಗಣಕದ ಬಳಿ 500 ಮಿಲಿಆಂಪಿಯರ್ ಕೇಳಿಕೊಂಡಿರುವುದು ಕ್ಷೇಮ.

ಎರಡು ಪೀಕೋಗಳ ನಡುವಿನ ಸೀರಿಯಲ್ ತಂತಿಗಳನ್ನು ನೇರವಾಗಿ ಬೆಸೆದರೂ ಪೆಟ್ಟಿಗೆ ಕೆಲಸ ಮಾಡುತ್ತದೆ. ಆದರೆ ಹಾಗೆ ಮಾಡಿದರೆ ಎರಡು ಗಣಕಗಳ ಗ್ರೌಂಡ್ ಒಂದಾಗುತ್ತದೆ. ಎರಡು ಕಾಲಿನ ಅಡಾಪ್ಟರಿನಿಂದ ಚಾರ್ಜ್ ಆಗುತ್ತಿರುವ ಲೋಹದ ಲ್ಯಾಪ್‌ಟಾಪನ್ನು ಬರಿಗೈಯಲ್ಲಿ ಸವರಿದಾಗ ಆಗುವ ಜುಮ್ಮೆನಿಸುವಿಕೆ ಹಲವರಿಗೆ ಗೊತ್ತಿದೆ. ಅಡಾಪ್ಟರಿನೊಳಗಿನ ಕೆಪಾಸಿಟರ್ ಮೂಲಕ ಸೋರುವ ಆ ಸಣ್ಣ ವಿದ್ಯುತ್ತು ಆಮೇಲೆ ಡೆಸ್ಕ್‌ಟಾಪಿನ ಅರ್ಥಿಂಗ್‌ಗೆ ಹೋಗಲು ನಮ್ಮ ಪೆಟ್ಟಿಗೆಯನ್ನೇ ದಾರಿ ಮಾಡಿಕೊಳ್ಳುತ್ತದೆ. ಹಳೆಯ ಮನೆಗಳ ಮೂರನೆಯ ಪಿನ್ನಿನ ಹಿಂದೆ ನಿಜವಾಗಿ ಏನಿದೆ ಎಂಬುದನ್ನು ನಂಬುವವನು ನಾನಲ್ಲ. ಹಾಗಾಗಿ ನಡುವೆ ಎಡಿಯುಎಂ1201 ಎಂಬ ಐಸೊಲೇಟರ್ ಚಿಪ್ ಕೂರಿಸಿದ್ದೇನೆ. ಇದು ಚಿಪ್‌ನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರುಗಳ ಮೂಲಕ ಸಂಕೇತವನ್ನಷ್ಟೇ ದಾಟಿಸುತ್ತದೆ. ಎರಡು ಬದಿಗಳ ನಡುವೆ ಒಂದು ನಿಮಿಷದ ಮಟ್ಟಿಗೆ 2500 ವೋಲ್ಟ್ ತಡೆಯಬಲ್ಲದೆಂದು ತಯಾರಕರು ಹೇಳುತ್ತಾರೆ. 1201ರಲ್ಲಿ ಒಂದು ದಾರಿ ಹೋಗುವುದಕ್ಕೆ, ಒಂದು ಬರುವುದಕ್ಕೆ ಇದೆ. ನೋಟಕ್ಕೆ ತದ್ರೂಪಿಯಾದ 1200ರಲ್ಲಿ ಎರಡೂ ದಾರಿಗಳು ಒಂದೇ ದಿಕ್ಕಿಗಿರುವುದರಿಂದ ಅದು ಇಲ್ಲಿ ಪ್ರಯೋಜನಕ್ಕಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೊಳ್ಳುವವರು ಬಿಲ್ಲಿನ ಮೇಲಿನ ಅಂಕಿಯನ್ನಲ್ಲ, ಚಿಪ್‌ನ ಮೇಲಿನ ಅಂಕಿಯನ್ನು ಭೂತಗನ್ನಡಿಯಲ್ಲಿ ಓದಿಕೊಳ್ಳಬೇಕು.

ನನಗೆ ಸಿಕ್ಕಿದ್ದು ಎ ದರ್ಜೆಯ ಚಿಪ್. ಅದರ ಮಿತಿ ಸೆಕೆಂಡಿಗೆ 1 ಮೆಗಾಬಿಟ್. ಅದಕ್ಕೆ ತಕ್ಕಂತೆ ಸೀರಿಯಲ್ ವೇಗವನ್ನು ಸೆಕೆಂಡಿಗೆ 460800 ಬಿಟ್‌ಗೆ ಇಳಿಸಿದೆ. ನಾನು ರೂಪಿಸಿದ ಪ್ರತಿ ಸಂದೇಶ 12 ಬೈಟ್‌ನದು: ಆರಂಭದ ಗುರುತಿಗೆ ಎರಡು, ಸಂದೇಶದ ಬಗೆಗೆ ಒಂದು, ಮಾಹಿತಿಗೆ ಎಂಟು, ಮೊತ್ತದ ತಾಳೆಗೆ ಒಂದು. ಸ್ಟಾರ್ಟ್ ಮತ್ತು ಸ್ಟಾಪ್ ಬಿಟ್ ಸೇರಿ 120 ಬಿಟ್ ಆಗುವ ಈ ಸಂದೇಶ ದಾಟಲು ಸುಮಾರು 0.26 ಮಿಲಿಸೆಕೆಂಡ್ ಸಾಕು. ಸಾಧಾರಣ ಮೌಸ್ 8 ಮಿಲಿಸೆಕೆಂಡಿಗೊಮ್ಮೆ, ಆಟದ ಮೌಸ್ 1 ಮಿಲಿಸೆಕೆಂಡಿಗೊಮ್ಮೆ ಮಾತಾಡುವುದರಿಂದ ಈ ವೇಗ ಧಾರಾಳ.

ಬೆಸುಗೆಯ ವಿಷಯದಲ್ಲಿ ಹೇಳಬೇಕಾದ್ದು ಹೆಚ್ಚಿಲ್ಲ. ಎಂಟು ಕಾಲಿನ ಆ ಚಿಪ್ಪನ್ನು ಮೊದಲು ಒಂದು ಅಡಾಪ್ಟರ್ ಬೋರ್ಡಿಗೆ ಬೆಸೆದು, ಅದನ್ನು ಝೀರೋ ಪಿಸಿಬಿಯ (ರಂಧ್ರಗಳ ಸಾಲುಗಳಿರುವ ಬೆಸುಗೆ ಹಲಗೆಯ) ನಟ್ಟನಡುವೆ ಕೂರಿಸಿ, ಅದರ ಎಡಕ್ಕೊಂದು ಬಲಕ್ಕೊಂದು ಪೀಕೋ ಇಟ್ಟೆ. ಚಿಪ್‌ನ ಎರಡೂ ಬದಿಗೆ ಆಯಾ ಪೀಕೋದ 36ನೇ ಪಿನ್ನಿನಿಂದ 3.3 ವೋಲ್ಟ್ ಕೊಟ್ಟು, 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಕಾಲುಗಳ ಪಕ್ಕದಲ್ಲೇ ಹಾಕಬೇಕು. ಜಿಪಿ12 ಕಳಿಸುವುದಕ್ಕೆ, ಜಿಪಿ13 ಪಡೆಯುವುದಕ್ಕೆ. ಎರಡು ಬದಿಗಳ ನಡುವೆ ಒಂದು ಸಾಲು ರಂಧ್ರಗಳ ತಾಮ್ರವನ್ನು ಪೂರ್ತಿ ಕೆರೆದು ತೆಗೆದು, ವಿದ್ಯುತ್ ಕೊಡುವ ಮೊದಲು ಮಲ್ಟಿಮೀಟರಿನ ಬೀಪ್ ಸ್ಥಾನದಲ್ಲಿ ಎರಡು ಗ್ರೌಂಡ್‌ಗಳ ನಡುವೆ ಸಂಪರ್ಕವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಲ್ಲಿ ಬೀಪ್ ಬಂದರೆ ಐಸೊಲೇಟರ್ ಇದ್ದೂ ಇಲ್ಲದಂತೆ. ಎರಡೂ ಪೀಕೋಗಳಿಗೆ ಒಂದೇ ಫರ್ಮ್‌ವೇರ್ ಹಾಕಿದ್ದೇನೆ. ಜಿಪಿ22 ಪಿನ್ನು ಪಕ್ಕದ ಗ್ರೌಂಡ್ ಪಿನ್ನಿಗೆ ಜಂಪರ್‌ನಿಂದ ಜೋಡಣೆಯಾಗಿದ್ದರೆ ಅದು ಕೀಲಿಮಣೆಯ ಕಡೆಯದು, ಇಲ್ಲದಿದ್ದರೆ ಮೌಸ್‌ನ ಕಡೆಯದು.

ಕೀಲಿಗಳ ಲೆಕ್ಕ

ಕೀಲಿಮಣೆ ಗಣಕಕ್ಕೆ ಅಕ್ಷರಗಳನ್ನು ಕಳಿಸುವುದಿಲ್ಲ. ಈ ಕ್ಷಣದಲ್ಲಿ ಯಾವ ಯಾವ ಕೀಲಿಗಳು ಒತ್ತಿದ ಸ್ಥಿತಿಯಲ್ಲಿವೆ ಎಂಬ ಎಂಟು ಬೈಟ್‌ಗಳ ರಿಪೋರ್ಟ್ ಕಳಿಸುತ್ತದೆ: ಮೊದಲ ಬೈಟ್‌ನಲ್ಲಿ ಶಿಫ್ಟ್, ಕಂಟ್ರೋಲ್ ಮೊದಲಾದವುಗಳ ಎಂಟು ಬಿಟ್‌ಗಳು, ಎರಡನೆಯದು ಖಾಲಿ, ಉಳಿದ ಆರರಲ್ಲಿ ಆರು ಕೀಲಿಗಳ ಸಂಕೇತಾಂಕಗಳು. ಕೀಲಿ ಮೇಲೆದ್ದ ಸುದ್ದಿಯೂ ಇನ್ನೊಂದು ರಿಪೋರ್ಟ್ ಆಗಿಯೇ ಬರಬೇಕು. ನಾನು ಬಳಸುವ ಬದಲಾವಣೆಯ ಸಂಜ್ಞೆ ಎಡ ಕಂಟ್ರೋಲ್ ಮತ್ತು ಕ್ಯಾಪ್ಸ್ ಲಾಕ್ ಒಟ್ಟಿಗೆ. ಇದರಲ್ಲಿ ಕಂಟ್ರೋಲ್ ಮೊದಲು ಒತ್ತಲ್ಪಡುತ್ತದೆ, ಆ ಸುದ್ದಿ ಹಳೆಯ ಗಣಕಕ್ಕೆ ಹೋಗಿರುತ್ತದೆ. ಅಷ್ಟರಲ್ಲಿ ನಾವು ಆಚೆ ದಾಟಿಬಿಟ್ಟರೆ ಕಂಟ್ರೋಲ್ ಮೇಲೆದ್ದ ಸುದ್ದಿ ಹೊಸ ಗಣಕಕ್ಕೆ ತಲುಪುತ್ತದೆ. ಹಳೆಯ ಗಣಕದ ಮಟ್ಟಿಗೆ ಕಂಟ್ರೋಲ್ ಒತ್ತಿಯೇ ಇದೆ. ಮತ್ತೆ ಅಲ್ಲಿಗೆ ಬಂದು ಮೌಸ್‌ನ ಚಕ್ರ ತಿರುಗಿಸಿದವರ ಬ್ರೌಸರಿನ ಪುಟ ಸರಿಯುವ ಬದಲು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ.

ಆದ್ದರಿಂದ ದಾಟುವ ಮುನ್ನ ಹಳೆಯ ಗಣಕಕ್ಕೆ ಎಂಟೂ ಬೈಟ್ ಸೊನ್ನೆಯಿರುವ ರಿಪೋರ್ಟ್ ಕಳಿಸಬೇಕು. ಅದರಂತೆಯೇ, ಸಂಜ್ಞೆಯ ಕೀಲಿಗಳೆಲ್ಲ ಪೂರ್ತಿ ಮೇಲೇಳುವ ತನಕ ಹೊಸ ಗಣಕಕ್ಕೆ ಏನನ್ನೂ ಕಳಿಸಬಾರದು; ಇಲ್ಲವಾದರೆ ಅಲ್ಲಿ ಕ್ಯಾಪ್ಸ್ ಲಾಕ್ ತಾನಾಗಿ ಹತ್ತಿಕೊಳ್ಳುತ್ತದೆ. ಇದಕ್ಕೆಂದೇ ಫರ್ಮ್‌ವೇರಿನಲ್ಲಿ ಪ್ರತಿ ಗಣಕಕ್ಕೂ ಕಡೆಯದಾಗಿ ಕಳಿಸಿದ ರಿಪೋರ್ಟನ್ನು ಪ್ರತ್ಯೇಕವಾಗಿ ಉಳಿಸಿಕೊಂಡಿದ್ದೇನೆ.

ಕೀಲಿಮಣೆಯ ದೀಪಗಳು ಹಿಮ್ಮುಖವಾಗಿ ಬರುವ ಸಮಾಚಾರ. ಕ್ಯಾಪ್ಸ್ ಲಾಕ್ ಹತ್ತಿದೆಯೋ ಆರಿದೆಯೋ ಎಂಬುದನ್ನು ತೀರ್ಮಾನಿಸುವುದು ಗಣಕ. ಅದು ಒಂದು ಬೈಟ್ ಕಳಿಸಿ ದೀಪ ಹೊತ್ತಿಸುತ್ತದೆ. ಎರಡು ಗಣಕಗಳಿಂದ ಎರಡು ಬೈಟ್ ಬರುತ್ತವೆ, ದೀಪ ಮಾತ್ರ ಒಂದೇ. ಎರಡನ್ನೂ ನೆನಪಿಟ್ಟು, ಈಗ ಯಾವ ಗಣಕದಲ್ಲಿದ್ದೇವೋ ಅದರ ಬೈಟನ್ನು ಕೀಲಿಮಣೆಗೆ ಕೊಡುತ್ತೇನೆ.

ಬಯೋಸ್ (ಗಣಕ ಶುರುವಾಗುವಾಗಿನ ಮೂಲ ವ್ಯವಸ್ಥೆ) ಪರದೆಯಲ್ಲೂ ಕೀಲಿಮಣೆ ನಡೆಯಬೇಕಾದರೆ ಅದನ್ನು ಬೂಟ್ ಬಗೆಯ ಪ್ರತ್ಯೇಕ ಇಂಟರ್‌ಫೇಸ್ ಎಂದು ಘೋಷಿಸಬೇಕು, ಮೌಸ್ ಜೊತೆ ಒಂದೇ ಇಂಟರ್‌ಫೇಸಿನಲ್ಲಿ ತುರುಕಬಾರದು.

ಕರ್ಸರ್ ಎಲ್ಲಿದೆ?

ಮೌಸ್ ಹೇಳುವುದು ಇಷ್ಟು ಬಲಕ್ಕೆ, ಇಷ್ಟು ಕೆಳಕ್ಕೆ ಸರಿದೆ ಎಂದಷ್ಟೇ. ಆ ಚಲನೆಗೆ ಗಣಕ ತನ್ನದೇ ವೇಗವರ್ಧನೆ ಸೇರಿಸಿ ಕರ್ಸರನ್ನು ಎಲ್ಲೋ ನಿಲ್ಲಿಸುತ್ತದೆ. ನಡುವೆ ಕುಳಿತ ಪೆಟ್ಟಿಗೆಗೆ ಅದು ಎಲ್ಲಿ ನಿಂತಿತೆಂದು ತಿಳಿಯುವ ದಾರಿಯಿಲ್ಲ. ತಿಳಿಯದೆ ಅಂಚು ದಾಟಿಸುವಂತಿಲ್ಲ. ಇದಕ್ಕೆ ಡೆಸ್ಕ್‌ಹಾಪ್ ಕಂಡುಕೊಂಡ ಉಪಾಯವನ್ನೇ ನಾನೂ ಅನುಸರಿಸಿದ್ದೇನೆ. ಪೀಕೋ ಗಣಕದ ಮುಂದೆ ತನ್ನನ್ನು ನೇರ ಸ್ಥಾನ ಹೇಳುವ ಸಾಧನವೆಂದು ಪರಿಚಯಿಸಿಕೊಳ್ಳುತ್ತದೆ. ಅಗಲಕ್ಕೂ ಎತ್ತರಕ್ಕೂ 0ರಿಂದ 32767ರವರೆಗಿನ ಅಳತೆ. ಮೌಸ್‌ನ ಚಲನೆಗಳನ್ನು ಪೀಕೋ ತಾನೇ ಕೂಡಿಸಿಕೊಂಡು, ಕರ್ಸರ್ ಇಂಥಲ್ಲಿಗೆ ಹೋಗಲಿ ಎಂದು ಗಣಕಕ್ಕೆ ಅಪ್ಪಣೆ ಮಾಡುತ್ತದೆ. ಆಗ ಸ್ಥಾನದ ಲೆಕ್ಕ ನಮ್ಮ ಕೈಯಲ್ಲೇ ಇರುತ್ತದೆ.

ಪರದೆ ಚೌಕವಲ್ಲದಿದ್ದರೂ ಅಳತೆ ಎರಡೂ ದಿಕ್ಕಿಗೆ ಒಂದೇ ಆಗಿರುವುದರಿಂದ ಗುಣಕಗಳು ಬೇರೆಯಾಗಬೇಕು. 1920 × 1080ರ ಪರದೆಯಲ್ಲಿ ಒಂದು ಪಿಕ್ಸೆಲ್ ಎಂದರೆ ಅಡ್ಡಕ್ಕೆ ಸುಮಾರು 17 ಅಂಶ, ಉದ್ದಕ್ಕೆ ಸುಮಾರು 30. ಒಂದೇ ಗುಣಕ ಬಳಸಿದರೆ ಕೈ ಓರೆಯಾಗಿ ಎಳೆದ ಗೆರೆ ಪರದೆಯಲ್ಲಿ ಮಲಗಿಬಿಡುತ್ತದೆ. ನೇರ ಸ್ಥಾನದ ಸಾಧನಗಳಿಗೆ ಗಣಕ ವೇಗವರ್ಧನೆ ಸೇರಿಸುವುದಿಲ್ಲ. ಅದನ್ನೂ ನಾವೇ ಬರೆಯಬೇಕು. ನಿಧಾನ ಚಲನೆಗೆ ಒಂದರಷ್ಟು, ಜೋರು ಚಲನೆಗೆ ಎರಡರಷ್ಟು ಎಂಬ ಸರಳ ಏರಿಳಿತ ನನ್ನ ಕೈಗೆ ಒಗ್ಗಿದೆ. ಅದನ್ನು ಹದಗೊಳಿಸಲು ಹಿಡಿದಷ್ಟು ತಾಳ್ಮೆಯನ್ನು ಈ ಯೋಜನೆಯ ಬೇರಾವ ಭಾಗವೂ ಕೇಳಲಿಲ್ಲ.

ಮೌಸ್‌ನ ರಿಪೋರ್ಟ್ ಓದುವುದು ಕೀಲಿಮಣೆಯಷ್ಟು ಸಲೀಸಲ್ಲ. ಮೂರು ಬೈಟ್‌ಗಳ ಬೂಟ್ ಬಗೆಯನ್ನು ನೆಚ್ಚಿದರೆ ಚಕ್ರದ ಮಾಹಿತಿ ಸಿಗುತ್ತದೆಂಬ ಭರವಸೆಯಿಲ್ಲ. ಪೂರ್ಣ ಬಗೆಯಲ್ಲಿ ಒಂದು ಮೌಸ್ ಚಲನೆಯನ್ನು 8 ಬಿಟ್‌ಗಳಲ್ಲಿ, ಮತ್ತೊಂದು 16ರಲ್ಲಿ, ಇನ್ನೊಂದು 12 ಬಿಟ್‌ಗಳನ್ನು ಒತ್ತೊತ್ತಾಗಿ ಜೋಡಿಸಿ ಕಳಿಸುತ್ತದೆ. ಮೌಸ್ ತನ್ನ ಬಗ್ಗೆ ಕೊಡುವ ವಿವರಣಾ ಪಟ್ಟಿಯನ್ನು ಓದಿ, ಅಡ್ಡ ಚಲನೆಯ 48, ಉದ್ದ ಚಲನೆಯ 49, ಚಕ್ರದ 56 ಎಂಬ ಸಂಕೇತಾಂಕಗಳು ಯಾವ ಬಿಟ್‌ನಿಂದ ಶುರುವಾಗುತ್ತವೆಂದು ಹುಡುಕಿಕೊಳ್ಳುವ ಸಣ್ಣ ಭಾಗವೊಂದನ್ನು ಬರೆದ ಮೇಲೆ ಮನೆಯಲ್ಲಿದ್ದ ಮೌಸ್‌ಗಳೆಲ್ಲ ನಡೆದವು.

ಅಂಚು ಮುಟ್ಟಿದೊಡನೆ ದಾಟಿಸುವುದು ತರವಲ್ಲ. ಸ್ಕ್ರೋಲ್ ಪಟ್ಟಿಯೂ ಕಿಟಕಿ ಮುಚ್ಚುವ ಗುಂಡಿಯೂ ಅಲ್ಲೇ ಇರುತ್ತವೆ. ಅಂಚಿನಾಚೆಗೆ ಒಂದಿಷ್ಟು ಹೆಚ್ಚುವರಿ ತಳ್ಳುವಿಕೆ ಕೂಡಿದ ಮೇಲಷ್ಟೇ ದಾಟಿಸುತ್ತೇನೆ, ಮೌಸ್ ಗುಂಡಿ ಒತ್ತಿದ್ದಾಗ ದಾಟಿಸುವುದೇ ಇಲ್ಲ. ವಿಂಡೋಸ್ ಲ್ಯಾಪ್‌ಟಾಪಿಗೆ ಎರಡನೆಯ ಪರದೆ ಜೋಡಿಸಿದವರಿಗೆ ಒಂದು ಎಚ್ಚರಿಕೆ: ನೇರ ಸ್ಥಾನದ ಅಪ್ಪಣೆಗಳನ್ನು ಅದು ಮುಖ್ಯ ಪರದೆಗಷ್ಟೇ ಅನ್ವಯಿಸುತ್ತದೆ. ಅಂಥಲ್ಲಿ ಮತ್ತು ಆಟಗಳಲ್ಲಿ ಹಳೆಯ ರೀತಿಯ ಚಲನೆಯನ್ನೇ ಕಳಿಸಬೇಕು. ಅದಕ್ಕೊಂದು ಬೇರೆ ಸಂಜ್ಞೆ ಇಟ್ಟಿದ್ದೇನೆ.

ಇಬ್ಬರ ಒಪ್ಪಂದ

ಬದಲಾವಣೆಗೆ ಕಾರಣಗಳು ಎರಡು, ಅವು ಹುಟ್ಟುವ ಕಡೆಗಳೂ ಎರಡು. ಕೀಲಿಗಳ ಸಂಜ್ಞೆಯನ್ನು ಕೀಲಿಮಣೆಯ ಪೀಕೋ ನೋಡುತ್ತದೆ. ಅಂಚು ದಾಟುವುದನ್ನು ಮೌಸ್‌ನ ಪೀಕೋ ನೋಡುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಸಂಭವಿಸಿದರೆ ಎರಡು ಬೋರ್ಡುಗಳು ಬೇರೆ ಬೇರೆ ತೀರ್ಮಾನಕ್ಕೆ ಬಂದು, ಕೀಲಿ ಒಂದು ಗಣಕಕ್ಕೂ ಕರ್ಸರ್ ಇನ್ನೊಂದಕ್ಕೂ ಹೋಗತೊಡಗುತ್ತವೆ. ಆದ್ದರಿಂದ ತೀರ್ಮಾನದ ಅಧಿಕಾರವನ್ನು ಕೀಲಿಮಣೆಯ ಪೀಕೋ ಒಂದಕ್ಕೇ ಕೊಟ್ಟಿದ್ದೇನೆ. ಮೌಸ್‌ನ ಪೀಕೋ ಕೇಳುತ್ತದೆ, ಇದು ಒಪ್ಪಿ ಸಾರುತ್ತದೆ. ಯಾವ ಬದಲಾವಣೆಯೂ ಇಲ್ಲದಿದ್ದರೂ ಪ್ರತಿ ಸೆಕೆಂಡಿಗೊಮ್ಮೆ ಸದ್ಯದ ಸ್ಥಿತಿಯನ್ನು ಮತ್ತೆ ಸಾರುವುದರಿಂದ, ಒಂದು ಬೋರ್ಡ್ ಮರುಚಾಲನೆಯಾದರೂ ಬೇಗ ಒಂದೇ ಹಾದಿಗೆ ಬರುತ್ತವೆ.

ವೇಗದ ಗುಣಕ, ಪರದೆಯ ಅಳತೆ ಮೊದಲಾದ ಆಯ್ಕೆಗಳನ್ನು ಫ್ಲ್ಯಾಶ್ ಸ್ಮರಣೆಯಲ್ಲಿ ಉಳಿಸುವಾಗ ಒಂದು ಸೂಕ್ಷ್ಮವಿದೆ. ಆರ್‌ಪಿ2040ರ ಪ್ರೋಗ್ರಾಂ ಕೂಡ ಅದೇ ಫ್ಲ್ಯಾಶ್‌ನಿಂದ ಓಡುವುದರಿಂದ, ಅದರ ಒಂದು ಭಾಗವನ್ನು ಅಳಿಸುವಾಗ ಚಿಪ್‌ನ ಎರಡೂ ಕೋರ್‌ಗಳು (ಪ್ರೋಗ್ರಾಂ ಓಡಿಸುವ ಘಟಕಗಳು) ಅಲ್ಲಿಂದ ಏನನ್ನೂ ಓದುವಂತಿಲ್ಲ. ಅಳಿಸಲು ಹತ್ತಾರು ಮಿಲಿಸೆಕೆಂಡ್ ಬೇಕು. ಯುಎಸ್‌ಬಿ ಸಾಧನವೋ 3 ಮಿಲಿಸೆಕೆಂಡ್ ಹೋಸ್ಟ್‌ನ ಸದ್ದಿಲ್ಲದಿದ್ದರೆ ನಿದ್ರೆಗೆ ಜಾರಬೇಕೆಂಬುದು ನಿಯಮ. ಆಯ್ಕೆ ಉಳಿಸಿದಾಗಲೆಲ್ಲ ಕೀಲಿಮಣೆ ಕಣ್ಣು ಮಿಟುಕಿಸಿದಂತಾಗುವುದು ಇದರಿಂದ. ಉಳಿಸಿದ ಬಳಿಕ ಬೋರ್ಡನ್ನೇ ಮರುಚಾಲನೆಗೊಳಿಸುವುದು ನಾನು ಆರಿಸಿದ ದಾರಿ, ಆಯ್ಕೆ ಬದಲಿಸುವುದು ನಿತ್ಯದ ಕೆಲಸವಲ್ಲವಲ್ಲ.

ಎರಡಕ್ಕೂ ಒಟ್ಟಿಗೆ

ಎರಡೂ ಶಿಫ್ಟ್ ಒತ್ತಿ ಹಿಡಿದು ಎಫ್12 ಒತ್ತಿದರೆ ಕೀಲಿಗಳು ಎರಡೂ ಗಣಕಗಳಿಗೆ ಹೋಗುತ್ತವೆ. ಎರಡು ಹಳೆಯ ಗಣಕಗಳನ್ನು ಒಂದೇ ರೀತಿ ಸಜ್ಜುಗೊಳಿಸುವಾಗ, ಒಂದೇ ಆದೇಶವನ್ನು ಎರಡು ಟರ್ಮಿನಲ್‌ಗಳಿಗೆ ಕೊಡುವಾಗ ಇದು ಉಪಯುಕ್ತ. ಮೌಸನ್ನು ಇದರಿಂದ ಹೊರಗಿಟ್ಟಿದ್ದೇನೆ. ಕಿಟಕಿಗಳ ಜಾಗ ತುಸು ಬೇರೆಯಿದ್ದರೂ ಒಂದೇ ಕ್ಲಿಕ್ ಎರಡು ಬೇರೆ ಕೆಲಸ ಮಾಡುತ್ತದೆ.

ಸ್ಥಿತಿಯ ಲೆಕ್ಕ ಅತ್ಯಂತ ಬಿಗಿಯಾಗಿ ಬೇಕಾದದ್ದು ಇಲ್ಲಿಯೇ. ಒಂದರಲ್ಲಿ ಕ್ಯಾಪ್ಸ್ ಲಾಕ್ ಹತ್ತಿದ್ದು ಇನ್ನೊಂದರಲ್ಲಿ ಆರಿದ್ದರೆ ಅದೇ ಕೀಲಿ ಎರಡು ಕಡೆ ಎರಡು ಅಕ್ಷರವಾಗುತ್ತದೆ, ಗುಪ್ತಪದ ಒಂದು ಕಡೆ ತಪ್ಪುತ್ತದೆ. ದೀಪಗಳ ಬೈಟ್ ಎರಡೂ ಕಡೆಯಿಂದ ನಮ್ಮಲ್ಲಿರುವುದರಿಂದ ಇದಕ್ಕೆ ಮದ್ದಿದೆ: ಈ ಸ್ಥಿತಿಗೆ ಬರುವಾಗ ಎರಡನ್ನೂ ಹೋಲಿಸಿ, ಬೇರೆಯಿದ್ದರೆ ಒಂದು ಗಣಕಕ್ಕೆ ಮಾತ್ರ ಕ್ಯಾಪ್ಸ್ ಲಾಕ್ ಒತ್ತಿ ಬಿಟ್ಟಂತೆ ಕಳಿಸಿ ಸರಿಸಮ ಮಾಡುತ್ತೇನೆ.

ಕನ್ನಡ ಬರೆಯುವವರಿಗೆ ಎದುರಾಗುವ ಸಂದರ್ಭಕ್ಕೆ ಅಂಥ ಮದ್ದಿಲ್ಲ. ಕೆ ಕೀಲಿಯ ಸಂಕೇತಾಂಕ 14. ಇಂಗ್ಲಿಷ್ ವಿನ್ಯಾಸದಲ್ಲಿರುವ ಗಣಕ ಅದನ್ನು ಇಂಗ್ಲಿಷಿನ ಕೆ ಎಂದೂ, ಇನ್‌ಸ್ಕ್ರಿಪ್ಟ್‌ನಲ್ಲೋ ಕಗಪದಲ್ಲೋ ಇರುವ ಗಣಕ ಅದನ್ನು ಕನ್ನಡದ ‘ಕ’ ಎಂದೂ ಓದುತ್ತದೆ. ಒಂದು ರೀತಿಯಲ್ಲಿ ಇದು ಅನುಕೂಲ: ಕಚೇರಿಯ ಗಣಕ ಇಂಗ್ಲಿಷಿನಲ್ಲೇ ಇರಲಿ, ಮನೆಯದು ಕಗಪದಲ್ಲೇ ಇರಲಿ, ಪೆಟ್ಟಿಗೆ ಏನನ್ನೂ ಅರಿಯಬೇಕಿಲ್ಲ. ಆದರೆ ಯಾವ ವಿನ್ಯಾಸ ಚಾಲ್ತಿಯಲ್ಲಿದೆ ಎಂಬ ಸುದ್ದಿ ಗಣಕದಿಂದ ಕೀಲಿಮಣೆಗೆ ಎಂದೂ ಹಿಂದಿರುಗಿ ಬರುವುದಿಲ್ಲವಾದ್ದರಿಂದ, ಎರಡಕ್ಕೂ ಟೈಪಿಸುವ ಮೊದಲು ಎರಡು ಪರದೆಗಳನ್ನೂ ಕಣ್ಣಾರೆ ನೋಡಿಕೊಳ್ಳಬೇಕಾದ್ದು ನಾವೇ. ಎಂಟರ್ ಒತ್ತುವ ಮುನ್ನವೂ ಅಷ್ಟೇ. ಒಂದು ಗಣಕ ನಿಧಾನವಿದ್ದರೆ ಕೀಲಿಗಳು ಇನ್ನೂ ತೆರೆಯದ ಪರದೆಯ ಬದಲು ಹಿಂದಿನ ಪರದೆಗೆ ಬೀಳುತ್ತವೆ.

ಉಳಿದಿರುವ ಮಿತಿಗಳು ರಚನೆಯಿಂದಲೇ ಬಂದವು. ಕೀಲಿಮಣೆಗೆ ವಿದ್ಯುತ್ ಡೆಸ್ಕ್‌ಟಾಪಿನಿಂದ ಹೋಗುವುದರಿಂದ ಅದರ ಪ್ಲಗ್ ತೆಗೆದರೆ ಲ್ಯಾಪ್‌ಟಾಪಿಗೆ ಮೌಸ್ ಮಾತ್ರ ಉಳಿಯುತ್ತದೆ. ಬಯೋಸಿನಲ್ಲಿ ಗಣಕ ಆರಿದಾಗಲೂ ಯುಎಸ್‌ಬಿಗೆ ವಿದ್ಯುತ್ ಇರಲಿ ಎಂಬ ಆಯ್ಕೆಯಿದ್ದರೆ ಅದನ್ನು ಹಾಕಿಡಬಹುದು. ಕಚೇರಿಯ ಗಣಕಕ್ಕೆ ಇದನ್ನು ಚುಚ್ಚುವ ಮೊದಲು ಅಲ್ಲಿನ ಐಟಿ ವಿಭಾಗದ ಒಪ್ಪಿಗೆ ಪಡೆಯುವುದು ಅಗತ್ಯ, ಏಕೆಂದರೆ ನೀವು ಒತ್ತುವ ಪ್ರತಿ ಕೀಲಿಯೂ ಈ ಪೆಟ್ಟಿಗೆಯ ಮೂಲಕವೇ ಹಾಯುತ್ತದೆ. ನನ್ನ ಫರ್ಮ್‌ವೇರ್ ಕೀಲಿಗಳನ್ನು ಫ್ಲ್ಯಾಶ್‌ಗೆ ಬರೆಯುವುದೇ ಇಲ್ಲ. ಆ ಮಾತನ್ನು ತೋರಿಸಿಕೊಡಲು ಮೂಲ ಸಂಕೇತವನ್ನು ಅವರ ಮುಂದಿಟ್ಟ ಮೇಲೆ ಒಪ್ಪಿಗೆ ಸಿಕ್ಕಿತು. ಪೆಟ್ಟಿಗೆಯ ಮುಚ್ಚಳದಲ್ಲಿ ಎರಡು ಪೀಕೋಗಳ ಬೂಟ್‌ಸೆಲ್ ಗುಂಡಿಗಳ (ಹೊಸ ಫರ್ಮ್‌ವೇರ್ ತುಂಬಲು ಒತ್ತುವ ಗುಂಡಿಗಳು) ನೇರಕ್ಕೆ ಎರಡು ಸಣ್ಣ ರಂಧ್ರ ಕೊರೆದಿದ್ದೇನೆ, ಮುಂದೆ ಫರ್ಮ್‌ವೇರ್ ಬದಲಿಸಲು ತಿರುಪು ಬಿಚ್ಚಬೇಕಾಗುವುದಿಲ್ಲ.